ಟೆಸ್ಟ್ ಎಲ್ಲ ಪಾಸ್, ಆ್ಯಪ್‌ನಲ್ಲಿ ಮಾತ್ರ ಗೋಕಾಕ ಸಿಗುತ್ತಿಲ್ಲ. ಕೋಡ್ ಬರೆಯುವ ಎಐ ಏಜೆಂಟ್ ಏನು ಮಾಡುತ್ತಿದೆ?

ಕಬ್ಬಿನಲಾರಿ_ಮುಧೋಳ · ರಾತ್ರಿ 11:42

ಮೂರು ರಾತ್ರಿ ಆಯಿತು, ತಲೆ ಕೆಟ್ಟು ಹೋಗಿದೆ. ದಯವಿಟ್ಟು ಯಾರಾದರೂ ನೋಡಿ.

ನಮ್ಮ ಕಬ್ಬಿನ ಲಾರಿಗಳ ಟ್ರಿಪ್ ಲೆಕ್ಕಕ್ಕೆ ಒಂದು ಆ್ಯಪ್ ಮಾಡಿದ್ದೇನೆ. ಪೈಥಾನ್‌ನ ಜಾಂಗೋ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಊರಿನ ಹೆಸರು ಹೊಡೆದರೆ ಆ ಊರಿನ ಟ್ರಿಪ್ ಬರಬೇಕು. ಕೆಲವು ಊರು ಬರುತ್ತವೆ, ಕೆಲವು ಬರುವುದಿಲ್ಲ. ಅದಕ್ಕೆ ಫೇಲ್ ಆಗುವ ಒಂದು ಟೆಸ್ಟ್ ನಾನೇ ಬರೆದು, ಕೋಡ್ ಸರಿ ಮಾಡು ಅಂತ ಏಜೆಂಟ್‌ಗೆ ಕೊಟ್ಟೆ. ಹತ್ತು ನಿಮಿಷದಲ್ಲಿ "ಸರಿಯಾಯಿತು, 41 ಟೆಸ್ಟ್ ಪಾಸ್" ಅಂದಿತು. ನಾನೂ ಓಡಿಸಿ ನೋಡಿದೆ, ಪಾಸ್. ಸರ್ವರ್‌ಗೆ ಹಾಕಿದರೆ ಗೋಕಾಕ ಇಲ್ಲ!

ಗಿಟ್ ಡಿಫ್ (ಹಳೆ ಸಾಲು ಕೆಂಪು, ಹೊಸದು ಹಸಿರು) ನೋಡಿದರೆ ಟೆಸ್ಟ್‌ನ ಸ್ಯಾಂಪಲ್ ಫೈಲ್ ಪೂರ್ತಿ ಬದಲಾಗಿದೆ ಅಂತ ತೋರಿಸುತ್ತದೆ. ಆದರೆ ಕೆಂಪು ಸಾಲು, ಹಸಿರು ಸಾಲು ಎರಡರಲ್ಲೂ ಅದೇ ಅಕ್ಷರ. ಕಣ್ಣು ನೆಟ್ಟು ನೋಡಿದೆ, ಒಂದು ಚುಕ್ಕೆಯೂ ವ್ಯತ್ಯಾಸ ಇಲ್ಲ. ಕಾರ್ಖಾನೆ ಶುರುವಾಗುವ ಮೊದಲು ಇದು ಸರಿ ಹೋಗಬೇಕು.

ತಿಲಕವಾಡಿ_ದೇವ್ · ರಾತ್ರಿ 11:58

ಕೆಂಪು ಹಸಿರು ಎರಡೂ ಒಂದೇ ಕಾಣುತ್ತವೆ ಅಂದರೆ ಲೈನ್ ಎಂಡಿಂಗ್ (ಸಾಲಿನ ಕೊನೆಯ ಕಾಣದ ಗುರುತು), ಮತ್ತೇನೂ ಅಲ್ಲ. ನೀವು ವಿಂಡೋಸ್, ಸರ್ವರ್ ಲಿನಕ್ಸ್, ಅಲ್ವಾ? ಆಟೋಸಿಆರ್‌ಎಲ್‌ಎಫ್ ಆಫ್ ಮಾಡಿ, ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಹಾಕಿ.

ಕಬ್ಬಿನಲಾರಿ_ಮುಧೋಳ · ರಾತ್ರಿ 12:20

ಹಾಕಿದೆ. ಹಾಗೇ ಇದೆ.

ತಿಲಕವಾಡಿ_ದೇವ್ · ರಾತ್ರಿ 12:26

ಹಾಕಿದ ಮೇಲೆ ರೀನಾರ್ಮಲೈಸ್ ಮಾಡಬೇಕು. ಎಡಿಟರ್‌ನಲ್ಲೂ ಎಲ್‌ಎಫ್ ಇಡಿ. ಅದಕ್ಕಿಂತ ಒಳ್ಳೆಯದು ಡಬ್ಲ್ಯೂಎಸ್‌ಎಲ್ (ವಿಂಡೋಸ್‌ನಲ್ಲೇ ಓಡುವ ಲಿನಕ್ಸ್) ಒಳಗೇ ರೆಪೊ ಇಡುವುದು. ನಾನು ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ನವನಗರ_ಟೆಸ್ಟರ್ · ಬೆಳಿಗ್ಗೆ 7:10

ಸೆಷನ್ ಎಷ್ಟು ಉದ್ದ ಇತ್ತು? ಕಾಂಟೆಕ್ಸ್ಟ್ (ಏಜೆಂಟ್ ಒಮ್ಮೆಗೆ ನೆನಪಿಡುವಷ್ಟು ಮಾತು) ತುಂಬಿದ ಮೇಲೆ ಏಜೆಂಟ್ ಹಳೆಯ ಮಾತನ್ನು ಸಾರಾಂಶ ಮಾಡಿ ಇಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ನೀವು ಹೇಳಿದ ನಿಯಮ ಅಲ್ಲೇ ಬಿದ್ದು ಹೋಗುತ್ತದೆ. ಕನ್ನಡ ಜಾಸ್ತಿ ಇದ್ದರೆ ಇನ್ನೂ ಬೇಗ ತುಂಬುತ್ತದೆ. ನಮ್ಮ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. "ಟೆಸ್ಟ್ ಫೋಲ್ಡರ್ ಮುಟ್ಟಬಾರದು" ಅನ್ನುವುದನ್ನು ಚಾಟ್‌ನಲ್ಲಿ ಹೇಳಿದರೆ ಸಾಲದು. ಏಜೆಂಟ್‌ಗೆಂದೇ ಇರುವ ಏಜೆಂಟ್ಸ್ ಡಾಟ್ ಎಂಡಿ ಫೈಲ್‌ನಲ್ಲಿ ಬರೆದಿಡಿ.

ತಿಲಕವಾಡಿ_ದೇವ್ · ಬೆಳಿಗ್ಗೆ 8:45

ಅವರ ಪ್ರಶ್ನೆ ಡಿಫ್ ಬಗ್ಗೆ, ಕಾಂಟೆಕ್ಸ್ಟ್ ಬಗ್ಗೆ ಅಲ್ಲ. ನನ್ನ ಕಡೆ ಮೂರು ವರ್ಕ್‌ಟ್ರೀ (ಒಂದೇ ರೆಪೊದ ಬೇರೆ ಬೇರೆ ಫೋಲ್ಡರ್) ಇವೆ. ಒಂದರಲ್ಲಿ ಪ್ಲಾನ್, ಒಂದರಲ್ಲಿ ಕೋಡ್, ಒಂದರಲ್ಲಿ ರಿವ್ಯೂ, ಮೂರಕ್ಕೂ ಬೇರೆ ಬೇರೆ ಏಜೆಂಟ್. 64 ಜಿಬಿ ರ‍್ಯಾಮ್, ಎರಡು ಸ್ಕ್ರೀನ್, ಕರೆಂಟ್ ಹೋದರೆ ನಾಲ್ಕು ತಾಸಿನ ಇನ್ವರ್ಟರ್. ಇಲ್ಲಿಯವರೆಗೆ ಒಂದು ಸಲವೂ ಟೆಸ್ಟ್ ಬದಲಾಗಿಲ್ಲ.

ನವನಗರ_ಟೆಸ್ಟರ್ · ಬೆಳಿಗ್ಗೆ 9:02

ಬದಲಾಗಿಲ್ಲ ಅಂತ ಹೇಳಿದ್ದು ಯಾರು, ನಿಮ್ಮ ರಿವ್ಯೂ ಏಜೆಂಟೇ ತಾನೆ? ಮನುಷ್ಯರೊಬ್ಬರು ಡಿಫ್ ಓದಲೇಬೇಕು. ನಾನು ಕಂಪನಿಯಲ್ಲಿ ಹನ್ನೊಂದು ವರ್ಷ ಟೆಸ್ಟಿಂಗ್ ಮಾಡಿದ್ದೇನೆ, ಈ ಮಾತು ಬಿಟ್ಟುಕೊಡುವುದಿಲ್ಲ.

ತಿಲಕವಾಡಿ_ದೇವ್ · ಬೆಳಿಗ್ಗೆ 9:05

ಓದಿದರೂ ಅವರಿಗೆ ಏನೂ ಕಾಣಲಿಲ್ಲವಲ್ಲ!

ಗುಮ್ಮಟದೂರು · ಬೆಳಿಗ್ಗೆ 10:30

ಇಬ್ಬರೂ ಸ್ವಲ್ಪ ನಿಲ್ಲಿ. ಪೋಸ್ಟ್ ಹಾಕಿದವರೇ, ಮೂರು ವಿಷಯ ಬೇಕು. ಗಿಟ್ ಡಿಫ್‌ಗೆ ಮೈನಸ್ ಡಬ್ಲ್ಯೂ (ಖಾಲಿ ಜಾಗದ ವ್ಯತ್ಯಾಸ ಬಿಡು ಅಂತ) ಕೊಟ್ಟರೂ ಆ ಸಾಲುಗಳು ಉಳಿಯುತ್ತವಾ? ಯಾವ ಊರು ಬರುತ್ತವೆ, ಯಾವುದು ಬರುವುದಿಲ್ಲ? ಸ್ಯಾಂಪಲ್ ಫೈಲ್ ಅನ್ನು ಏಜೆಂಟ್ ಯಾಕೆ ಮುಟ್ಟಿತು?

ಕಬ್ಬಿನಲಾರಿ_ಮುಧೋಳ · ಮಧ್ಯಾಹ್ನ 1:15

ಮೈನಸ್ ಡಬ್ಲ್ಯೂ ಕೊಟ್ಟರೂ ಉಳಿಯುತ್ತವೆ.

ಬರುವುದು: ಬೆಳಗಾವಿ, ಜಮಖಂಡಿ, ಅಥಣಿ, ರಾಯಬಾಗ, ಸವದತ್ತಿ.
ಬರದೇ ಇರುವುದು: ಗೋಕಾಕ, ಮುಧೋಳ, ಹುಕ್ಕೇರಿ, ಬೀಳಗಿ, ಚಿಕ್ಕೋಡಿ, ಬೈಲಹೊಂಗಲ.

ಸ್ಯಾಂಪಲ್ ಫೈಲ್‌ಗೆ ಇನ್ನೂ ಎರಡು ಊರು ಸೇರಿಸು ಅಂತ ನಾನೇ ಹೇಳಿದ್ದೆ. ಅದು ದೊಡ್ಡ ವಿಷಯ ಅನ್ನಿಸಲಿಲ್ಲ, ಹಾಗಾಗಿ ಬರೆಯಲಿಲ್ಲ. ಮೊದಲು ಮೂರು ಸಲ "ಬದಲಿಸಬೇಕಾದ ಸಾಲು ಫೈಲ್‌ನಲ್ಲಿ ಇಲ್ಲ" ಅಂತ ಎರರ್ ಬಂತು. ಆಮೇಲೆ ಇಡೀ ಫೈಲನ್ನು ಹೊಸದಾಗಿ ಬರೆಯಿತು.

ಕೃಷ್ಣಾತೀರ · ಮಧ್ಯಾಹ್ನ 1:40

ಹೆಸರು ಬದಲಾದ ಗೊಂದಲ ಇರಬಹುದಾ? 2014ರ ನವೆಂಬರ್ 1ರಿಂದ ಬೆಳಗಾಂ ಹೋಗಿ ಬೆಳಗಾವಿ, ಬಿಜಾಪುರ ಹೋಗಿ ವಿಜಯಪುರ ಆಯಿತು. ಹಳೆ ರಿಜಿಸ್ಟರ್‌ಗಳಲ್ಲಿ ಎರಡೂ ಇರುತ್ತವೆ.

ಗುಮ್ಮಟದೂರು · ಮಧ್ಯಾಹ್ನ 1:52

ಬೆಳಗಾವಿ ಬರುತ್ತಿದೆ, ಗೋಕಾಕದ ಹೆಸರು ಬದಲಾಗಿಲ್ಲ. ಹಾಗಾಗಿ ಅದಲ್ಲ. ಸಿಗದ ಊರುಗಳನ್ನು ಗಟ್ಟಿಯಾಗಿ ಓದಿ: ಗೋ, ಧೋ, ಕ್ಕೇ, ಬೀ, ಕ್ಕೋ. ಎಲ್ಲದರಲ್ಲೂ ದೀರ್ಘ.

ನವನಗರ_ಟೆಸ್ಟರ್ · ಮಧ್ಯಾಹ್ನ 2:04

ರಾಯಬಾಗದ "ರಾ" ಕೂಡ ದೀರ್ಘ, ಅದು ಬರುತ್ತಿದೆ. ಬೈಲಹೊಂಗಲದ "ಹೊ" ಹ್ರಸ್ವ, ಅದು ಬರುತ್ತಿಲ್ಲ. ನಿಮ್ಮ ಲೆಕ್ಕ ಕೂಡುವುದಿಲ್ಲ.

ಗುಮ್ಮಟದೂರು · ಮಧ್ಯಾಹ್ನ 2:31

ಒಳ್ಳೆ ಮಾತು, ಅದರಿಂದಲೇ ಗುಟ್ಟು ಸಿಕ್ಕಿತು. ದೀರ್ಘ ಅಲ್ಲ, ತುಂಡಾಗುವ ಚಿಹ್ನೆಗಳು. ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು: ೀ, ೇ, ೈ, ೊ, ೋ. ಒಂದೇ ಕೋಡ್ ಆಗಿಯೂ ಬರೆಯಬಹುದು, ತುಂಡು ತುಂಡಾಗಿ ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. "ಾ" ಒಡೆಯುವುದಿಲ್ಲ, ಅದಕ್ಕೇ ರಾಯಬಾಗ ಬರುತ್ತಿದೆ. ಬೈಲಹೊಂಗಲದಲ್ಲಿ "ೈ", "ೊ" ಎರಡೂ ಒಡೆಯುವಂಥವು.

ಡೇಟಾಬೇಸ್‌ನಿಂದ ಗೋಕಾಕ ತೆಗೆದು ಪೈಥಾನ್‌ನಲ್ಲಿ ಲೆನ್ (ಉದ್ದ) ಹಾಕಿ. ಒಂದೊಂದು ಅಕ್ಷರಕ್ಕೂ ಆರ್ಡ್ (ಅದರ ಕೋಡ್ ಸಂಖ್ಯೆ) ಹಾಕಿ ತೋರಿಸಿ. ಇಲ್ಲೇ ಕೈಯಿಂದ ಟೈಪ್ ಮಾಡಿದ ಗೋಕಾಕಕ್ಕೂ ಅದನ್ನೇ ಮಾಡಿ.

ಕಬ್ಬಿನಲಾರಿ_ಮುಧೋಳ · ಸಂಜೆ 6:48

ಕೈ ನಡುಗುತ್ತಿದೆ ರೀ! ನಾನು ಟೈಪ್ ಮಾಡಿದ ಗೋಕಾಕದ ಉದ್ದ 5. ಡೇಟಾಬೇಸ್‌ದು 7. ನನ್ನದರಲ್ಲಿ "ಗ" ಆದ ಮೇಲೆ 3275 ಒಂದೇ. ಅದರಲ್ಲಿ 3270, 3266, 3285, ಮೂರು. ಏಜೆಂಟ್ ಹೊಸದಾಗಿ ಬರೆದ ಸ್ಯಾಂಪಲ್ ಫೈಲ್‌ನಲ್ಲಿ 5.

ಗುಮ್ಮಟದೂರು · ಸಂಜೆ 7:05

ಆ ಡೇಟಾ ಎಲ್ಲಿಂದ ಬಂತು?

ಕಬ್ಬಿನಲಾರಿ_ಮುಧೋಳ · ಸಂಜೆ 7:09

ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಹಳೆ ಫೈಲುಗಳಿಂದ. ಎಲ್ಲರದ್ದೂ ಹಾಗೇ ಅಲ್ವಾ? ನಮ್ಮ ಅಣ್ಣ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಯೂನಿಕೋಡ್‌ಗೆ ಬದಲಿಸಿದ್ದ.

ಗುಮ್ಮಟದೂರು · ರಾತ್ರಿ 8:20

ಅದನ್ನು ಮೊದಲ ಪೋಸ್ಟ್‌ನಲ್ಲೇ ಹೇಳಿದ್ದರೆ ನಿನ್ನೆಯೇ ಮುಗಿಯುತ್ತಿತ್ತು. ಹಳೆ ನುಡಿ ಫಾಂಟ್‌ನಲ್ಲಿ "ಗೋ" ಅಂದರೆ ನಾಲ್ಕು ತುಂಡು: ಗ, ಎತ್ವ, ಕೊಂಬು, ಆಮೇಲೆ ದೀರ್ಘದ ಗುರುತು. ಸ್ಕ್ರಿಪ್ಟ್ ತುಂಡಿಗೆ ತುಂಡು ಬದಲಿಸಿದೆ, ಕೂಡಿಸಿಲ್ಲ.

ಈಗ ಏಜೆಂಟ್ ವಿಷಯ. ಅದು ಸುಳ್ಳು ಹೇಳಿಲ್ಲ. ಇಂಥ ಬಹಳಷ್ಟು ಏಜೆಂಟ್‌ಗಳ ಎಡಿಟ್ ಟೂಲ್ ಹಳೆ ಸಾಲು ಅಕ್ಷರಶಃ ಹೊಂದಿಕೆಯಾದರೆ ಮಾತ್ರ ಬದಲಿಸುತ್ತದೆ. ಮಾಡೆಲ್ ಗೋಕಾಕವನ್ನು ಕೂಡಿದ ರೂಪದಲ್ಲಿ ಬರೆಯಿತು, ಫೈಲ್‌ನಲ್ಲಿ ಒಡೆದ ರೂಪ ಇತ್ತು. ಮೂರು ಸಲ ಸಿಗಲಿಲ್ಲ. ಆಗ ಇಡೀ ಫೈಲ್ ಬರೆಯಿತು, ಒಡೆದದ್ದೆಲ್ಲ ಕೂಡಿಕೊಂಡಿತು. ಯಾವ ಕೊಳೆಯನ್ನು ಹಿಡಿಯಲು ನಿಮ್ಮ ಟೆಸ್ಟ್ ಇತ್ತೋ ಆ ಕೊಳೆಯೇ ತೊಳೆದು ಹೋಯಿತು. ಅದಕ್ಕೇ 41 ಪಾಸ್.

ಮಾಡಬೇಕಾದದ್ದು: ಸ್ಯಾಂಪಲ್ ಫೈಲನ್ನು ಗಿಟ್‌ನಿಂದ ಹಳೆಯ ರೂಪಕ್ಕೇ ತನ್ನಿ. ಸೇವ್ ಮಾಡುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಕೂಡಿದ ರೂಪ) ತನ್ನಿ, ಪೈಥಾನ್‌ನ ಯೂನಿಕೋಡ್‌ಡೇಟಾ ಸಾಕು. ಡೇಟಾಬೇಸ್‌ನ ಹಳೆ ಸಾಲುಗಳನ್ನು ಬದಲಿಸಲು ಒಂದು ಮೈಗ್ರೇಷನ್. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಒಳಗೇ ಇದೆ.

ನವನಗರ_ಟೆಸ್ಟರ್ · ರಾತ್ರಿ 8:41

ಸ್ಯಾಂಪಲ್ ಫೋಲ್ಡರ್‌ಗೆ ಬೀಗ ಹಾಕುವುದನ್ನು ಮರೆಯಬೇಡಿ. ಕ್ಲಾಡ್ ಕೋಡ್ ಏಜೆಂಟ್ ಬಳಸುವವರಾದರೆ ಎಡಿಟ್‌ಗೆ ಮೊದಲು ತಾನಾಗಿ ಓಡುವ ಒಂದು ಹುಕ್ ಬರೆಯಿರಿ. ಅದು ಎಕ್ಸಿಟ್ ಕೋಡ್ 2 ಕೊಟ್ಟರೆ ಎಡಿಟ್ ಅಲ್ಲೇ ನಿಲ್ಲುತ್ತದೆ. ಏಜೆಂಟ್ ಶೆಲ್‌ನಿಂದ ಸೆಡ್ ಕಮಾಂಡ್ ಓಡಿಸಿಯೂ ಬದಲಿಸಬಹುದು, ಹಾಗಾಗಿ ಸಿಐನಲ್ಲಿ (ಪ್ರತಿ ಬದಲಾವಣೆಗೆ ತಾನಾಗಿ ಓಡುವ ಪರೀಕ್ಷೆ) ಆ ಫೈಲ್‌ಗಳ ಚೆಕ್‌ಸಮ್ (ಫೈಲ್ ಬದಲಾದರೆ ಬದಲಾಗುವ ಸಂಖ್ಯೆ) ಕೂಡ ನೋಡಿ. ನಿಯಮ ಬರೆದಿಟ್ಟರೆ ಸಾಕು ಅಂತ ಬೆಳಿಗ್ಗೆ ಹೇಳಿದ್ದೆ. ಸಾಲುತ್ತಿರಲಿಲ್ಲ, ಫೈಲ್ ಮುಟ್ಟಲು ಇವರೇ ಹೇಳಿದ್ದರು.

ತಿಲಕವಾಡಿ_ದೇವ್ · ರಾತ್ರಿ 9:15

ಲೈನ್ ಎಂಡಿಂಗ್ ಕೂಡ ಸರಿ ಮಾಡಿಕೊಂಡಿದ್ದು ಒಳ್ಳೆಯದೇ ಆಯಿತು. ಆದರೆ ಒಂದು ಮಾತು: ಹುಡುಕಾಟಕ್ಕೆ ಇಂಗ್ಲಿಷ್ ಕೋಡ್ ಇಟ್ಟುಕೊಂಡಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ.

ಕಬ್ಬಿನಲಾರಿ_ಮುಧೋಳ · ರಾತ್ರಿ 11:20

ನಮ್ಮ ಡ್ರೈವರ್‌ಗಳು ಕನ್ನಡದಲ್ಲೇ ಹೊಡೆಯುತ್ತಾರೆ ಅಣ್ಣಾ. ಅವರಿಗಾಗಿಯೇ ಈ ಆ್ಯಪ್. ಇಂಗ್ಲಿಷ್ ಕೋಡ್ ನೆನಪಿಟ್ಟುಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಹಳೆ ಸ್ಯಾಂಪಲ್ ಫೈಲ್ ವಾಪಸ್ ತಂದೆ, ಟೆಸ್ಟ್ ಕೆಂಪಾಯಿತು. ಆ ಕೆಂಪು ನೋಡಿ ಖುಷಿಯಾಯಿತು. ಆಮೇಲೆ ಎನ್‌ಎಫ್‌ಸಿ ಹಾಕಿದೆ, ಹಸಿರು. ಮೈಗ್ರೇಷನ್ ಓಡಿಸಿ ಸರ್ವರ್‌ನಲ್ಲಿ ಗೋಕಾಕ ಹೊಡೆದೆ, 212 ಟ್ರಿಪ್ ಸರಸರ ಇಳಿದವು. ನಮ್ಮ ಮುಧೋಳವೂ ಬಂತು. ಎಲ್ಲರಿಗೂ ಮನಸಾರೆ ಧನ್ಯವಾದ.

ದ್ರಾಕ್ಷಿತೋಟ_ತಿಕೋಟಾ · ಮರುದಿನ ಬೆಳಿಗ್ಗೆ 6:30

ನನ್ನ ಒಣದ್ರಾಕ್ಷಿ ಸ್ಟಾಕ್ ಆ್ಯಪ್‌ನಲ್ಲಿ "ರ‍್ಯಾಕ್" ಅಂತ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಇದೂ ಎನ್‌ಎಫ್‌ಸಿಯಿಂದ ಸರಿ ಹೋಗುತ್ತದಾ? ಏಜೆಂಟ್ ಹೋಗುತ್ತದೆ ಅನ್ನುತ್ತಿದೆ.

ಗುಮ್ಮಟದೂರು · ಬೆಳಿಗ್ಗೆ 9:10

ಇಲ್ಲ. ಅದು ಕಣ್ಣಿಗೆ ಕಾಣದ ಜೋಡಣೆ ಅಕ್ಷರದ ಸಮಸ್ಯೆ, ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಬೇರೆ ಚರ್ಚೆ ತೆರೆಯಿರಿ. ಡೇಟಾ ಎಲ್ಲಿಂದ ಬಂತು, ಯಾವ ಕೀಬೋರ್ಡ್, ಆರ್ಡ್ ಸಂಖ್ಯೆಗಳು, ಮೂರನ್ನೂ ಮೊದಲ ಪೋಸ್ಟ್‌ನಲ್ಲೇ ಹಾಕಿ.