ಬೆಂಚಿನಲ್ಲಿ ಮೂವರು ಪೋಸ್ಟ್ ಆಟಗಾರರು: ಆಟದ ಸಮಯ ಹಂಚುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ವಿಜಯನಗರದ ಕ್ಲಬ್ ತಂಡವೊಂದರ ತರಬೇತುದಾರರಿಂದ

ನಮ್ಮ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ 12 ಮಂದಿಯಲ್ಲಿ ಐವರು ರಿಂಗ್ ಕೆಳಗೆ ಆಡುವ ಪೋಸ್ಟ್ ಆಟಗಾರರು. ಅವರಲ್ಲಿ ಇಬ್ಬರು ಆರಂಭದಿಂದಲೇ ಆಡುತ್ತಾರೆ. ಅವರ ವಿಷಯದಲ್ಲಿ ನನಗೆ ಸಂದೇಹವಿಲ್ಲ. ತೊಡಕಿರುವುದು ಬೆಂಚಿನಲ್ಲಿ ಕೂರುವ ಮೂವರದು. ಒಬ್ಬರು 31 ವರ್ಷದ ಹಿರಿಯರು, 6 ಅಡಿ 5 ಅಂಗುಲ ಎತ್ತರ. ಓಟ ನಿಧಾನ, ಆದರೆ ಬಾಕ್ಸ್ ಔಟ್ ಮಾಡಿ, ಅಂದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು, ನಿಂತರೆ ಅವರನ್ನು ಅಲುಗಿಸುವುದು ಕಷ್ಟ. ಇನ್ನೊಬ್ಬ 19ರ ಕಾಲೇಜು ಹುಡುಗ. ಚೆನ್ನಾಗಿ ಓಡುತ್ತಾನೆ, ಜಿಗಿಯುತ್ತಾನೆ, ಆದರೆ ಎದುರಾಳಿಯ ಪ್ರತಿ ಶಾಟ್‌ಗೂ ಕೈ ಹಾಕಲು ಹೋಗಿ ಫೌಲ್ ಮಾಡಿಕೊಳ್ಳುತ್ತಾನೆ. ಮೂರನೆಯವರು ಹೊರಗಿನಿಂದ ಮೂರಂಕದ ಶಾಟ್ ಹಾಕಬಲ್ಲರು, ಡಿಫೆನ್ಸ್‌ನಲ್ಲಿ ದುರ್ಬಲರು. ಕಳೆದ ಸೀಸನ್‌ನಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು ಮೂವರನ್ನೂ ಸರದಿಯಂತೆ ಎರಡೆರಡು ನಿಮಿಷ ಇಳಿಸಿದೆ. ಕೊನೆಗೆ ಮೂವರಿಗೂ ಅಸಮಾಧಾನವೇ ಉಳಿಯಿತು. ಹುಡುಗನ ತಂದೆ ಒಂದು ಸಂಜೆ ಅಂಕಣದ ಗೇಟಿನ ಬಳಿ ನಿಂತು, "ಸರ್, ನಮ್ಮ ಹುಡುಗ ಏನು ಮಾಡಿದರೆ ಆಡಿಸುತ್ತೀರಿ, ಅದನ್ನಾದರೂ ಹೇಳಿ" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಲೀಗ್‌ಗೆ ಇನ್ನು ಒಂದು ತಿಂಗಳಿದೆ. ಇಂಥ ಪರಿಸ್ಥಿತಿಯನ್ನು ನಿಭಾಯಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ: ಮಲ್ಲೇಶ್ವರ, 20 ವರ್ಷಗಳಿಂದ ತರಬೇತಿ ನೀಡುತ್ತಿರುವವರು

ಮೊದಲು ಲೆಕ್ಕ ಹಾಕಿಕೊಳ್ಳಿ, ಸರ್. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಂಕಣದಲ್ಲಿ ಐವರು. ಹಾಗಾಗಿ ತಂಡದ ಕೈಯಲ್ಲಿರುವುದು ಒಟ್ಟು 200 ನಿಮಿಷ. ನೀವು ಸದಾ ಇಬ್ಬರು ಪೋಸ್ಟ್ ಆಟಗಾರರನ್ನು ಇಟ್ಟುಕೊಂಡು ಆಡಿದರೆ ಅವರ ಪಾಲಿಗೆ 80 ನಿಮಿಷ. ನಾಲ್ವರನ್ನು ರಿಂಗ್‌ನಿಂದ ದೂರ ನಿಲ್ಲಿಸಿ ಒಬ್ಬರನ್ನೇ ರಿಂಗ್ ಕೆಳಗೆ ಬಿಟ್ಟರೆ ಅದು 40ಕ್ಕೆ ಇಳಿಯುತ್ತದೆ, ಆಗ ಮೂವರು ಮೀಸಲು ಆಟಗಾರರಿಗೆ ಹಂಚಲು ಏನೂ ಉಳಿಯುವುದಿಲ್ಲ. ಆದ್ದರಿಂದ ತಂಡ ಯಾವ ಬಗೆಯಲ್ಲಿ ಆಡುತ್ತದೆ ಎಂಬುದನ್ನು ತೀರ್ಮಾನಿಸದೆ ಯಾರಿಗೆ ಎಷ್ಟು ಎಂದು ಯೋಚಿಸಲು ಹೋಗಬೇಡಿ.

ಇಬ್ಬರನ್ನು ಇಟ್ಟುಕೊಂಡೇ ಆಡುತ್ತೀರಿ ಎಂದುಕೊಳ್ಳೋಣ. ಆರಂಭಿಕರಲ್ಲಿ ಒಬ್ಬರಿಗೆ 28, ಇನ್ನೊಬ್ಬರಿಗೆ 26 ನಿಮಿಷ ಕೊಟ್ಟರೆ ಉಳಿಯುವುದು 26. ಅದನ್ನು ಮೂರು ಸಮಪಾಲು ಮಾಡಿದರೆ ತಲಾ ಒಂಬತ್ತು ನಿಮಿಷವೂ ಬರುವುದಿಲ್ಲ. ಅದನ್ನೂ ಎರಡೆರಡು ನಿಮಿಷವಾಗಿ ಚೂರು ಮಾಡಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹೊರಗಿನಿಂದ ಚೆಂಡು ನಡೆಸುವ ಗಾರ್ಡ್ ಆದವನು ಇಳಿದ ಕೂಡಲೇ ಚೆಂಡು ಹಿಡಿದು ಆಟಕ್ಕೆ ಸೇರಿಕೊಳ್ಳಬಹುದು. ಪೋಸ್ಟ್ ಆಟಗಾರನ ಕೆಲಸ ಹಾಗಲ್ಲ. ಎದುರಿನವನು ಮೊಣಕೈಯನ್ನು ಎಲ್ಲಿ ಊರುತ್ತಾನೆ, ಯಾವ ಭುಜದ ಮೇಲೆ ತಿರುಗುತ್ತಾನೆ, ಆ ದಿನದ ರೆಫರಿ ಎಷ್ಟು ತಳ್ಳಾಟಕ್ಕೆ ಅವಕಾಶ ಕೊಡುತ್ತಿದ್ದಾರೆ ಎಂಬುದು ಅವನ ಮೈಗೆ ಗೊತ್ತಾಗಲು ನಾಲ್ಕೈದು ಪೊಸೆಷನ್, ಅಂದರೆ ಚೆಂಡು ಒಂದು ತಂಡದ ಕೈಯಲ್ಲಿರುವ ಸರದಿ, ಬೇಕು. ಅಷ್ಟರೊಳಗೆ ನಿಮ್ಮ ಎರಡು ನಿಮಿಷ ಮುಗಿದಿರುತ್ತದೆ. ಅಂದರೆ ಅವನು ಆಟ ಕಲಿಯುವ ಹೊತ್ತಿಗೆ ನೀವು ಅವನನ್ನು ಹೊರಗೆ ಕರೆದಿರುತ್ತೀರಿ, ಬಂದ ಹೊಸಬ ಮತ್ತೆ ಮೊದಲಿನಿಂದ ಕಲಿಯಬೇಕು.

ನಾನು ಅನುಸರಿಸುವ ಕ್ರಮ ಹೀಗಿದೆ. ಆರಂಭಿಕ ಪೋಸ್ಟ್ ಆಟಗಾರರಲ್ಲಿ ಮುಖ್ಯನಾದ ಸೆಂಟರ್ ಅನ್ನು ಮೊದಲ ಕ್ವಾರ್ಟರಿನ ಕೊನೆಯ ಮೂರು ನಿಮಿಷ ಮತ್ತು ಎರಡನೆಯದರ ಮೊದಲ ಮೂರು ನಿಮಿಷ ಕೂರಿಸುತ್ತೇನೆ. ನಡುವಿನ ಎರಡು ನಿಮಿಷದ ವಿರಾಮವೂ ಸೇರಿ ಅವನಿಗೆ ಒಳ್ಳೆಯ ವಿಶ್ರಾಂತಿ ಸಿಗುತ್ತದೆ, ಅವನ ಜಾಗಕ್ಕೆ ಬಂದವನಿಗೆ ಆರು ನಿಮಿಷದ ಒಂದು ಇಡೀ ಪಾಳಿ ಸಿಗುತ್ತದೆ. ಮೂರನೇ ಮತ್ತು ನಾಲ್ಕನೇ ಕ್ವಾರ್ಟರ್ ನಡುವೆಯೂ ಇದೇ ಕ್ರಮ. ಇಲ್ಲಿಗೆ 12 ನಿಮಿಷ ಮೊದಲ ಮೀಸಲು ಆಟಗಾರನಿಗೆ ಹೋಯಿತು. ಇನ್ನೊಬ್ಬ ಆರಂಭಿಕನ ವಿಶ್ರಾಂತಿಯಿಂದ ಬರುವ 14 ನಿಮಿಷದಲ್ಲಿ 10 ಎರಡನೆಯವನಿಗೆ, 4 ಮೂರನೆಯವನಿಗೆ. ಇಬ್ಬರು ಆರಂಭಿಕರೂ ಒಟ್ಟಿಗೆ ಬೆಂಚಿಗೆ ಬರದಂತೆ ಮಾತ್ರ ನೋಡಿಕೊಳ್ಳಬೇಕು. ಪಂದ್ಯದ ಹಿಂದಿನ ರಾತ್ರಿ ಒಂದು ಹಾಳೆಯ ಮೇಲೆ 40 ಚೌಕ ಎಳೆದು ಪ್ರತಿ ಚೌಕದಲ್ಲೂ ಇಬ್ಬರ ಹೆಸರು ಬರೆಯುತ್ತೇನೆ. ಎಲ್ಲಿ ಚೂರುಚೂರಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮೂರನೆಯ ಎತ್ತರದ ಆಟಗಾರನಿಗೆ ದೊಡ್ಡ ಪಾಲು ಕೊಡುವುದು ದೊಡ್ಡ ತಂಡಗಳಲ್ಲೂ ಇದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 2023-24ರ ಮಿನ್ನೆಸೋಟ ತಂಡ ಎತ್ತರದ ಆಟಗಾರರಾದ ಗೊಬೇರ್ ಮತ್ತು ಟೌನ್ಸ್ ಇಬ್ಬರನ್ನೂ ಆರಂಭದಲ್ಲಿ ಆಡಿಸಿ, ಬೆಂಚಿನಿಂದ ನಾಜ್ ರೀಡ್ ಅವರನ್ನು ಪಂದ್ಯಕ್ಕೆ ಸುಮಾರು 24 ನಿಮಿಷ ಆಡಿಸುತ್ತಿತ್ತು. ಬೆಂಚಿನಿಂದ ಬಂದು ಆಡುವವರಿಗೆ ಕೊಡುವ ಅತ್ಯುತ್ತಮ ಆರನೇ ಆಟಗಾರ ಪ್ರಶಸ್ತಿಯನ್ನು ಅವರು ಆ ವರ್ಷ ಪಡೆದರು. ಆದರೆ ಅಲ್ಲಿ ಪಂದ್ಯ 48 ನಿಮಿಷ, ಆರು ಫೌಲ್ ಆದ ಮೇಲೆ ಹೊರಕ್ಕೆ. ನಮ್ಮಲ್ಲಿ 40 ನಿಮಿಷ, ಐದು ಫೌಲ್. ಅಲ್ಲಿನ ಸಂಖ್ಯೆಯನ್ನು ಹಾಗೆಯೇ ತಂದು ಇಲ್ಲಿ ಕೂರಿಸಬೇಡಿ.

ಉತ್ತರ: ಜಯನಗರ, ಹಿಂದೆ ಮೀಸಲು ಸೆಂಟರ್ ಆಗಿ ಆಡಿದವರು

ಬೆಂಚಿನ ಕಡೆಯಿಂದ ನೋಡಿದವನಾಗಿ ನಾಲ್ಕು ಮಾತು. ಎಂಟು ಸೀಸನ್ ನಾನು ಆರಂಭಿಕ ಐವರಲ್ಲಿ ಇರಲಿಲ್ಲ. ಕಡಿಮೆ ನಿಮಿಷ ಸಿಕ್ಕಿತೆಂಬ ದುಃಖ ಒಂದೆರಡು ದಿನದ್ದು. ಯಾವಾಗ ಕರೆಯುತ್ತಾರೆ, ಕರೆಯುತ್ತಾರೋ ಇಲ್ಲವೋ ಎಂದು ತಿಳಿಯದೆ ಕೂರುವುದು ಮಾತ್ರ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಒಬ್ಬ ತರಬೇತುದಾರರ ಕೈಕೆಳಗೆ ಒಂದು ತಪ್ಪು ಮಾಡಿದರೆ ಸಾಕು, ಬೆಂಚಿನ ಕಡೆಯಿಂದ ಬದಲಿ ಆಟಗಾರ ಎದ್ದು ನಿಲ್ಲುವುದು ಕಾಣುತ್ತಿತ್ತು. ಆ ವರ್ಷ ನಾನು ರಿಬೌಂಡ್‌ಗಿಂತ ಹೆಚ್ಚು, ಬದಲಿ ಆಟಗಾರ ಬಂದು ನಿಲ್ಲುವ ಸ್ಕೋರರ್ ಟೇಬಲ್ ಕಡೆಗೆ ನೋಡುತ್ತಿದ್ದೆ. ಒಮ್ಮೆ ಎರಡನೇ ಕ್ವಾರ್ಟರಿನ ಕೊನೆಯ 40 ಸೆಕೆಂಡಿಗೆ ಇಳಿಸಿದರು. ಸಿಮೆಂಟ್ ಅಂಕಣ, ಡಿಸೆಂಬರ್ ರಾತ್ರಿಯ ಚಳಿ, ಮಂಡಿ ಮಡಚಲೇ ಒಪ್ಪುತ್ತಿರಲಿಲ್ಲ. ಮೊದಲ ಸ್ಕ್ರೀನ್‌ಗೆ (ಜೊತೆಗಾರನನ್ನು ಕಾಯುವ ಎದುರಾಳಿಗೆ ಅಡ್ಡ ನಿಲ್ಲಲು) ತಡವಾಗಿ ಹೋಗಿ ಫೌಲ್ ಮಾಡಿದೆ, ಹೊರಗೆ ಬಂದೆ.

ಮುಂದೆ ಬಂದವರು ಬೇರೆ ರೀತಿಯವರು. "ಎರಡನೇ ಕ್ವಾರ್ಟರ್ ನಿನ್ನಿಂದಲೇ ಶುರು, ಐದು ನಿಮಿಷ ನಿನ್ನದು, ಎರಡು ಫೌಲ್ ಆಗುವ ತನಕ ತೆಗೆಯುವುದಿಲ್ಲ" ಎಂದು ಪಂದ್ಯದ ಮೊದಲೇ ಹೇಳುತ್ತಿದ್ದರು. ಮೊದಲ ಕ್ವಾರ್ಟರಿನ ಗಡಿಯಾರ ನಾಲ್ಕು ನಿಮಿಷಕ್ಕೆ ಬಂದಾಗ ನಾನು ಎದ್ದು, ಮಂಡಿಯ ಮೇಲಿನ ಟವೆಲ್ ಪಕ್ಕಕ್ಕಿಟ್ಟು, ಬೆಂಚಿನ ಹಿಂದೆ ಹೋಗಿ ಪಾದ ತಿರುಗಿಸುತ್ತಾ, ಹತ್ತು ಸಲ ಮಂಡಿ ಮಡಚಿ ಏಳುತ್ತಾ, ಎದುರಿನ ಸೆಂಟರ್ ಯಾವ ಕಡೆ ತಿರುಗುತ್ತಾನೆಂದು ನೋಡುತ್ತಿದ್ದೆ. ನಿಮಿಷಗಳು ಹೆಚ್ಚೇನೂ ಆಗಲಿಲ್ಲ, ಆದರೆ ಅವು ನನ್ನವಾಗಿದ್ದವು.

ನಿಮ್ಮ 31ರ ಹಿರಿಯರಿಗೆ ಬೆಂಚಿನಿಂದ ಬರುವುದು ಅವಮಾನವೆನಿಸಿದ್ದರೆ ಬಿಲ್ ವಾಲ್ಟನ್ ಅವರನ್ನು ನೆನಪಿಸಿ. 1978ರಲ್ಲಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರರಾಗಿದ್ದ ಅವರು, ಕಾಲಿನ ಗಾಯಗಳಿಂದ ವರ್ಷಗಟ್ಟಲೆ ನಲುಗಿ, 1985-86ರಲ್ಲಿ ಬಾಸ್ಟನ್ ತಂಡಕ್ಕೆ ರಾಬರ್ಟ್ ಪ್ಯಾರಿಶ್ ಅವರ ಹಿಂದೆ ಬದಲಿ ಸೆಂಟರ್ ಆಗಿ ಆಡಿದರು. ಪಂದ್ಯಕ್ಕೆ 20 ನಿಮಿಷದೊಳಗೇ. ಅದೇ ವರ್ಷ ಅತ್ಯುತ್ತಮ ಆರನೇ ಆಟಗಾರ ಪ್ರಶಸ್ತಿಯೂ ಬಂತು, ತಂಡಕ್ಕೆ ಚಾಂಪಿಯನ್ ಪಟ್ಟವೂ ಬಂತು.

ಉತ್ತರ: ರಾಜಾಜಿನಗರ, ಟೇಬಲ್ ಅಧಿಕಾರಿಯಾಗಿ ಕೆಲಸ ಮಾಡುವವರು

ತರಬೇತುದಾರರು ಹಾಳೆಯಲ್ಲಿ ಬರೆದ ನಿಮಿಷ ಅಂಕಣದಲ್ಲಿ ಕೈತಪ್ಪುವುದನ್ನು ನಾನು ಟೇಬಲ್ ಹಿಂದೆ ಕುಳಿತು ನೋಡುತ್ತಿರುತ್ತೇನೆ. ಗಡಿಯಾರ ನಿಂತು, ಚೆಂಡು ಡೆಡ್ ಆದಾಗ (ಆಟದಲ್ಲಿ ಇಲ್ಲದಾಗ) ಮಾತ್ರ ಬದಲಾವಣೆ ಸಾಧ್ಯ. ನಾಲ್ಕನೇ ಕ್ವಾರ್ಟರ್ ಮತ್ತು ಹೆಚ್ಚುವರಿ ಅವಧಿಯ ಕೊನೆಯ ಎರಡು ನಿಮಿಷ ಬಿಟ್ಟರೆ ಬ್ಯಾಸ್ಕೆಟ್ ಬಿದ್ದಾಗ ಗಡಿಯಾರ ನಿಲ್ಲುವುದಿಲ್ಲ. ಆಟ ಓಡುತ್ತಲೇ ಇದ್ದರೆ ಮೂರು ನಿಮಿಷದ ವಿಶ್ರಾಂತಿ ಒಂದೂವರೆಗೆ ಇಳಿಯುತ್ತದೆ. ಜೊತೆಗೆ, ಬದಲಾವಣೆ ಕೇಳಬೇಕಾದವರು ತರಬೇತುದಾರರಲ್ಲ, ಇಳಿಯಬೇಕಾದ ಆಟಗಾರನೇ ಸ್ಕೋರರ್ ಬಳಿ ಬಂದು ಹೇಳಬೇಕು. ಟ್ರ್ಯಾಕ್ ಪ್ಯಾಂಟಿನ ಗುಂಡಿ ಬಿಚ್ಚುತ್ತಾ ಬೆಂಚಿನಲ್ಲೇ ಕುಳಿತವನು ಒಂದು ಅವಕಾಶ ಕಳೆದುಕೊಂಡನೆಂದೇ ಲೆಕ್ಕ. ಒಂದು ನಿಮಿಷ ಮೊದಲೇ ಕಳುಹಿಸಿ.

ನಿಮ್ಮ ಕಾಲೇಜು ಹುಡುಗನ ವಿಷಯದಲ್ಲಿ ತಂಡದ ಫೌಲ್ ಎಷ್ಟಾಗಿದೆ ಎಂದು ನೋಡಿ ಇಳಿಸುವುದು ಒಳ್ಳೆಯದು. ಒಂದು ಕ್ವಾರ್ಟರಿನಲ್ಲಿ ತಂಡದ್ದು ನಾಲ್ಕಾದ ಮೇಲೆ, ಶಾಟ್ ಹಾಕದಿದ್ದವನ ಮೇಲೆ ಫೌಲ್ ಮಾಡಿದರೂ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತದೆ. ಕೈ ಹಾಕುವ ಚಟ ಬಿಡದ ಹುಡುಗನನ್ನು ಕ್ವಾರ್ಟರಿನ ಕೊನೆಗೆ ಇಳಿಸುವುದಕ್ಕಿಂತ, ಲೆಕ್ಕ ಸೊನ್ನೆಯಿಂದ ಶುರುವಾಗುವ ಕ್ವಾರ್ಟರಿನ ಆರಂಭದಲ್ಲಿ ಇಳಿಸುವುದು ಅವನಿಗೂ ತಂಡಕ್ಕೂ ಕ್ಷೇಮ.

ಉತ್ತರ: ಬಸವನಗುಡಿ, ಕಾಲೇಜು ಮಹಿಳಾ ತಂಡದ ತರಬೇತುದಾರ್ತಿ

ಮಲ್ಲೇಶ್ವರದ ಹಿರಿಯರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಯಾರು ಮೊದಲ ಮೀಸಲು, ಯಾರು ಮೂರನೆಯವರು ಎಂಬುದು ಹೇಗೆ ತೀರ್ಮಾನವಾಯಿತೆಂದು ಆಟಗಾರರಿಗೆ ಕಾಣಿಸದಿದ್ದರೆ, ಎಷ್ಟೇ ಅಳೆದು ತೂಗಿ ಹಂಚಿದರೂ ಅದು ಅವರ ಕಣ್ಣಿಗೆ ಮುಖ ನೋಡಿ ಮಣೆ ಹಾಕಿದಂತೆಯೇ ಕಾಣುತ್ತದೆ. ಆ ತಂದೆ ಗೇಟಿನ ಬಳಿ ಕೇಳಿದ್ದು ಇದನ್ನೇ. ಅವರ ಪ್ರಶ್ನೆ ನ್ಯಾಯವಾದದ್ದು.

ನಮ್ಮಲ್ಲಿ ಅಭ್ಯಾಸದ ಐದೈದು ಆಟದಲ್ಲಿ ಪ್ರತಿ ಪೋಸ್ಟ್ ಆಟಗಾರ್ತಿಯ ಮೂರು ವಿಷಯ ಮಾತ್ರ ಬರೆದಿಡುತ್ತೇವೆ: ಶಾಟ್ ಏರಿದಾಗ ಬಾಕ್ಸ್ ಔಟ್ ಮಾಡಿದಳೇ, ಸ್ಕ್ರೀನ್‌ನಲ್ಲಿ ಕಾಲು ಊರಿ ನಿಂತಳೇ, ಡಿಫೆನ್ಸ್‌ಗೆ ಹಿಂದಿರುಗುವಾಗ ಮೊದಲ ಮೂರು ಹೆಜ್ಜೆ ಓಡಿದಳೇ. ಅಂಕ ಬರೆಯುವುದಿಲ್ಲ, ಅಂಕ ಬರೆದರೆ ಎಲ್ಲರೂ ಶಾಟ್ ಹಾಕಲು ನಿಲ್ಲುತ್ತಾರೆ. ಹಾಳೆ ಗೋಡೆಯ ಮೇಲಿರುತ್ತದೆ, ಎರಡು ವಾರಕ್ಕೊಮ್ಮೆ ಕ್ರಮ ಬದಲಾಗಬಹುದು. ಕೆಳಗಿರುವ ಹುಡುಗಿಗೆ ಮೇಲೇರುವ ದಾರಿ ಯಾವುದೆಂದು ಗೊತ್ತಿರುತ್ತದೆ.

ಮೂರನೆಯವರ ನಾಲ್ಕು ನಿಮಿಷವನ್ನು ಚೌಕದಲ್ಲಿ ಬರೆದಿಡುವುದು ಮಾತ್ರ ನನಗೆ ಸರಿಯೆನಿಸುವುದಿಲ್ಲ. ನಿಮ್ಮ ಹೊರಗಿನ ಶೂಟರ್, ಎದುರಾಳಿ ಝೋನ್ ಹಾಕಿ, ಅಂದರೆ ಆಟಗಾರರನ್ನಲ್ಲದೆ ಜಾಗವನ್ನು ಕಾಯುತ್ತಾ, ಒಳಗೆ ಕೂಡಿಕೊಂಡಾಗ ಹತ್ತು ನಿಮಿಷ ಬೇಕಾಗಬಹುದು, ಎದುರಿನ ಸೆಂಟರ್ ಬಲಶಾಲಿಯಾಗಿದ್ದ ದಿನ ಒಂದೂ ಬೇಡವಾಗಬಹುದು. "ಇಂಥ ಸಂದರ್ಭ ಬಂದರೆ ನೀವೇ" ಎಂದು ಅವರಿಗೆ ಮೊದಲೇ ಹೇಳಿಬಿಡಿ. ಆಗ ಅವರು ಬೆಂಚಿನಲ್ಲಿ ಕುಳಿತು ಎದುರಾಳಿಯ ಡಿಫೆನ್ಸ್ ಅನ್ನು ಓದುತ್ತಿರುತ್ತಾರೆ, ಊಟಕ್ಕಿಲ್ಲದ ಉಪ್ಪಿನಕಾಯಿ ತಾನೆಂದು ಕೊರಗುವುದಿಲ್ಲ.

ನಾಲ್ಕು ನಿಮಿಷ ಸಣ್ಣದೆಂದು ಯಾರಾದರೂ ಹೇಳಿದರೆ ನಾನು 2017ರ ಜುಲೈ ನೆನಪಿಸಿಕೊಳ್ಳುತ್ತೇನೆ. ಇಲ್ಲೇ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಸೋಲಿಸಿದ್ದು 75-73ರಿಂದ. ಎರಡು ಅಂಕವೆಂದರೆ ಯಾರೋ ಒಬ್ಬರು ಒಂದು ಸಲ ಬಾಕ್ಸ್ ಔಟ್ ಮರೆತಷ್ಟು. ಆ ಒಂದು ಸಲ ಅಂಕಣದಲ್ಲಿ ಇರುವವರು ಮೀಸಲು ಆಟಗಾರರೇ ಆಗಿರಬಹುದು.

ಇನ್ನೊಂದು ಮಾತು, ನಮ್ಮ ಊರಿಗೆ ಸಂಬಂಧಿಸಿದ್ದು. ಅಭ್ಯಾಸಕ್ಕೆ ತಡವಾಗಿ ಬಂದರೆ ನಿಮಿಷ ಕಡಿತವೆಂಬ ನಿಯಮ ಅನೇಕ ತಂಡಗಳಲ್ಲಿದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮುಗಿಸಿ ನೇರಳೆ ಮಾರ್ಗದ ಮೆಟ್ರೊ ಹಿಡಿದು ವಿಜಯನಗರಕ್ಕೆ ಬರುವವರಿಗೂ, ಅಂಕಣದ ಪಕ್ಕದ ರಸ್ತೆಯಲ್ಲೇ ಮನೆಯಿರುವವರಿಗೂ ಆ ನಿಯಮವನ್ನು ಒಂದೇ ರೀತಿ ಹಚ್ಚಬೇಡಿ. ನಿಮ್ಮ ಹಿರಿಯರು ಕೆಲಸಕ್ಕೆ ಹೋಗುವವರಾಗಿದ್ದರೆ ಇದನ್ನು ಗಮನಿಸಿ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. 40 ಚೌಕದ ಹಾಳೆ ಬರೆದೆ, ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿದೆ. ಹಿರಿಯರಿಗೆ ಆರು ನಿಮಿಷದ ಎರಡು ಪಾಳಿ ಕೊಟ್ಟೆ. ಹುಡುಗನಿಗೆ ಎರಡನೇ ಮತ್ತು ಮೂರನೇ ಕ್ವಾರ್ಟರಿನ ಆರಂಭದಲ್ಲಿ ಐದೈದು ನಿಮಿಷ ಕೊಟ್ಟು, ಕೈ ಮೇಲಕ್ಕೆತ್ತಿ ನಿಂತರೆ ಸಾಕು, ಚೆಂಡಿಗೆ ಹೊಡೆಯಬೇಡ ಎಂದು ಹೇಳಿದೆ. ಶೂಟರ್‌ಗೆ ಝೋನ್ ಬಂದರೆ ನೀವೇ ಎಂದೆ. ಕಳೆದ ಭಾನುವಾರದ ಅಭ್ಯಾಸ ಪಂದ್ಯದಲ್ಲಿ ಹುಡುಗ ಮೊದಲ ಪಾಳಿಯಲ್ಲೇ ಎರಡು ಫೌಲ್ ಮಾಡಿದ. ಹೇಳಿದ ಮಾತಿನಂತೆ ತೆಗೆದೆ, ಮೂರನೇ ಕ್ವಾರ್ಟರಿನಲ್ಲಿ ಹೇಳಿದ ಮಾತಿನಂತೆಯೇ ಮತ್ತೆ ಇಳಿಸಿದೆ, ಆ ಐದು ನಿಮಿಷದಲ್ಲಿ ಒಂದೂ ಫೌಲ್ ಮಾಡಲಿಲ್ಲ. ಝೋನ್ ಬರಲೇ ಇಲ್ಲ, ಶೂಟರ್ ಇಳಿಯಲಿಲ್ಲ. ಆದರೂ ಎರಡು ಟೈಮ್‌ಔಟ್‌ಗಳಲ್ಲಿ ಎದುರಾಳಿ ಯಾರನ್ನು ಹೊರಗೆ ಬಿಟ್ಟುಬಿಡುತ್ತಿದ್ದಾರೆಂದು ನಮಗೆ ಹೇಳಿದವರು ಅವರೇ.

ಹಿರಿಯರು ಮಾತ್ರ ಒಂದು ಬದಲಾವಣೆ ಕೇಳಿದ್ದಾರೆ. ಮಧ್ಯದ 15 ನಿಮಿಷದ ವಿರಾಮದ ನಂತರ ಮೂರನೇ ಕ್ವಾರ್ಟರಿನ ಕೊನೆಯವರೆಗೂ ಸುಮ್ಮನೆ ಕುಳಿತರೆ ಅವರ ಮಂಡಿ ಬಿಗಿಯುತ್ತದಂತೆ; ಎರಡನೇ ಪಾಳಿಯನ್ನು ಮೂರನೇ ಕ್ವಾರ್ಟರಿನ ಆರಂಭಕ್ಕೆ ತರಬಹುದೇ ಎಂದರು. ಆ ಜಾಗ ಈಗ ಹುಡುಗನದು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದಾಗ, ಹುಡುಗ ನಾಲ್ಕನೇ ಕ್ವಾರ್ಟರಿನ ಮೊದಲ ಐದು ನಿಮಿಷ ತೆಗೆದುಕೊಳ್ಳಲು ಒಪ್ಪಿದ್ದಾನೆ. ಅಲ್ಲಿಯೂ ತಂಡದ ಫೌಲ್ ಲೆಕ್ಕ ಸೊನ್ನೆಯಿಂದಲೇ ಶುರುವಾಗುವುದರಿಂದ ನಾನೂ ಒಪ್ಪಿದೆ. ಮುಂದಿನ ಭಾನುವಾರಕ್ಕೆ ಹೊಸ ಹಾಳೆ ಸಿದ್ಧವಾಗಿದೆ.