ಬಫಲೋದ ಹಳೆಯ ಮಾನಸಿಕ ಆಸ್ಪತ್ರೆಯ ಕಟ್ಟಡವನ್ನು ಮೆಚ್ಚಬಹುದೇ?

ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು (ಪ್ರಶ್ನೆ)

ರಜೆಗೆಂದು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿರುವ ಅಕ್ಕನ ಮನೆಗೆ ಬಂದಿದ್ದೇನೆ. ಫಾರೆಸ್ಟ್ ಅವೆನ್ಯೂ ಪಕ್ಕದ ಹಳೆಯ ಮಾನಸಿಕ ಆಸ್ಪತ್ರೆಯನ್ನು ನೋಡಿ ದಂಗಾದೆ. ಕೆಂಪು ಮೆಡೈನಾ ಕಲ್ಲಿನ ಗೋಡೆಗಳು, ಹಸಿರುಗಟ್ಟಿದ ತಾಮ್ರದ ಚಾವಣಿ ಹೊತ್ತ ಜೋಡಿ ಗೋಪುರಗಳು. ವಿನ್ಯಾಸ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರದು, ಸುತ್ತಲಿನ ತೋಟ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಅವರದು. ಮಧ್ಯಭಾಗ ಈಗ ಹೋಟೆಲ್. ಕಾಲೇಜಿನ ಅಧ್ಯಯನಕ್ಕೆ ಇದನ್ನೇ ಆರಿಸಿಕೊಳ್ಳುವ ಆಸೆ. ಆದರೆ ಭಾವ, "ಜನ ನರಳಿದ ಜಾಗವನ್ನು ಹೊಗಳಿ ಬರೆಯುತ್ತೀಯಾ?" ಎಂದರು. ಅಂದಿನಿಂದ ಪೆನ್ಸಿಲ್ ಮುಂದೆ ಸಾಗುತ್ತಿಲ್ಲ. ಅಲ್ಲಿ ನಡೆದುದರಲ್ಲಿ ಕಟ್ಟಡದ ಪಾಲು ಎಷ್ಟು?

ನಿವೃತ್ತ ನರ್ಸ್, ರಾಚೆಸ್ಟರ್

ತಂಗಿ, ಭಾವನ ಮಾತನ್ನು ತಳ್ಳಿಹಾಕಬೇಡ. ಅದಕ್ಕೆ ಹೆದರಿ ಕೆಲಸವನ್ನೂ ಬಿಡಬೇಡ. ಮಾನಸಿಕ ರೋಗಿಗಳ ವಾರ್ಡುಗಳಲ್ಲೇ ನನ್ನ ಕೆಲಸದ ವರ್ಷಗಳು ಕಳೆದವು. ಬಫಲೋಗೆ ಬಂದಾಗಲೆಲ್ಲ ಈ ಕಟ್ಟಡವನ್ನು ಒಂದು ಸುತ್ತು ಹಾಕದೆ ನಾನು ಹಿಂದಿರುಗುವುದಿಲ್ಲ.

ಇದು ಯಾವುದರ ಬದಲಿಗೆ ಬಂತು ಎಂಬುದನ್ನು ಮೊದಲು ನೋಡು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಎಷ್ಟೋ ಮನೋರೋಗಿಗಳು ಜೈಲುಗಳಲ್ಲಿ, ಅನಾಥರನ್ನು ತುಂಬುವ ಬಡವರ ಮನೆಗಳಲ್ಲಿ, ಕೆಲವರು ಸರಪಳಿಯಲ್ಲೇ ಇದ್ದರು. ಸಮಾಜಸುಧಾರಕಿ ಡೊರೊಥಿಯಾ ಡಿಕ್ಸ್ ಊರೂರು ಅಲೆದು ಅದನ್ನು ಶಾಸನಸಭೆಗಳ ಮುಂದಿಟ್ಟರು. ಫಿಲಡೆಲ್ಫಿಯಾದ ವೈದ್ಯ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್ 1854ರಲ್ಲಿ, ಆಸ್ಪತ್ರೆಯನ್ನು ಹೇಗೆ ಕಟ್ಟಬೇಕೆಂದು ಒಂದು ಪುಸ್ತಕವನ್ನೇ ಬರೆದರು. ಬಫಲೋದ ಕಟ್ಟಡ ಅದೇ ಮಾದರಿಯದು: ನಡುವೆ ಆಡಳಿತದ ಕಟ್ಟಡ, ಎರಡೂ ಕಡೆ ಹಾರುವ ಕೊಕ್ಕರೆಗಳ ಸಾಲಿನಂತೆ ಒಂದಕ್ಕಿಂತ ಒಂದು ಹಿಂದೆ ಸರಿದ ವಾರ್ಡುಗಳು. ಹೀಗೆ ಸರಿಸಿದ್ದರಿಂದ ಪ್ರತಿ ವಾರ್ಡಿಗೂ ಗಾಳಿ, ಬೆಳಕು ನೇರವಾಗಿ ಸಿಗುತ್ತಿತ್ತು. ಕಿಟಕಿಯ ಕಬ್ಬಿಣವನ್ನು ಚೌಕಟ್ಟಿನಲ್ಲೇ ಅಡಗಿಸಬೇಕು, ರೋಗಿಗೆ ಅದು ಮನೆಯ ಕಿಟಕಿಯಂತೆಯೇ ಕಾಣಬೇಕು ಎಂಬಷ್ಟು ಸೂಕ್ಷ್ಮ ಅವರಿಗಿತ್ತು.

ಬೆಳಕಿನ ಬೆಲೆ ನನಗೆ ಗೊತ್ತು. ನಾನು ಮೊದಲು ಕೆಲಸಕ್ಕೆ ಸೇರಿದ ವಾರ್ಡಿನ ಕಿಟಕಿಗಳು ಎದುರಿನ ಗೋಡೆಗೆ ತೆರೆದುಕೊಳ್ಳುತ್ತಿದ್ದವು. ಬೆಳಗಾಯಿತೋ ಇಲ್ಲವೋ ಎಂದು ರೋಗಿಗಳು ನಮ್ಮನ್ನು ಕೇಳಬೇಕಾಗಿತ್ತು. ರಾತ್ರಿ ಪಾಳಿ ಮುಗಿಸಿ ಹೊರಡುವಾಗ ಒಬ್ಬ ಅಜ್ಜಿ ದಿನವೂ ನನ್ನ ಕೈ ಹಿಡಿದು, "ಹೊರಗೆ ಬಿಸಿಲಿದೆಯಾ?" ಎನ್ನುತ್ತಿದ್ದರು. ಬಫಲೋದ ಆ ಅಗಲವಾದ ಕಾರಿಡಾರ್, ಎತ್ತರದ ಕಿಟಕಿಗಳನ್ನು ಕಂಡಾಗ ನನಗೆ ಅವರ ನೆನಪಾಗುತ್ತದೆ.

ಇನ್ನು ಕೇಡಿನ ಮಾತು. ಒಂದು ಆಸ್ಪತ್ರೆಯಲ್ಲಿ 250 ರೋಗಿಗಳಿಗಿಂತ ಹೆಚ್ಚು ಇರಬಾರದೆಂದು ಕರ್ಕ್‌ಬ್ರೈಡ್ ಹೇಳಿದ್ದರು. ಸರ್ಕಾರಗಳು ಕಟ್ಟಡವನ್ನು ಒಪ್ಪಿಕೊಂಡವು, ಆ ಮಿತಿಯನ್ನು ಕೈಬಿಟ್ಟವು. ನ್ಯೂಯಾರ್ಕ್ ರಾಜ್ಯ 1890ರ ಕಾನೂನಿನಿಂದ ಜಿಲ್ಲೆಗಳ ಬಡವರ ಮನೆಗಳಲ್ಲಿದ್ದ ರೋಗಿಗಳನ್ನೂ ತನ್ನ ಆಸ್ಪತ್ರೆಗಳಿಗೆ ತಂದಿತು. ಉದ್ದೇಶ ಒಳ್ಳೆಯದೇ, ಹಾಸಿಗೆ ಸಾಲಲಿಲ್ಲ. ಪಶ್ಚಿಮ ವರ್ಜೀನಿಯಾದ ವೆಸ್ಟನ್‌ನಲ್ಲಿ 250 ಜನರಿಗೆಂದು ಕಟ್ಟಿದ ಇಂಥದೇ ಆಸ್ಪತ್ರೆಯಲ್ಲಿ 1950ರ ದಶಕದ ಹೊತ್ತಿಗೆ ಸುಮಾರು 2,400 ಜನರಿದ್ದರು. ಒಬ್ಬರಿಗೆಂದು ಮಾಡಿದ ಕೋಣೆಯಲ್ಲಿ ಹಲವರನ್ನು ಮಲಗಿಸಿದರೆ ಯಾವ ಕಿಟಕಿ ಏನು ಮಾಡೀತು?

ಅನೇಕರು ಇಲ್ಲಿಗೇ ನಿಲ್ಲಿಸಿ, ಕಟ್ಟಡ ನಿರ್ದೋಷಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಈ ನಕ್ಷೆಯಲ್ಲಿ ಶಾಂತವಾಗಿರುವವರು ನಡುವಿನ ಹತ್ತಿರ, ಕೂಗಾಡುವವರು ಕಟ್ಟಕಡೆಯ ವಾರ್ಡಿನಲ್ಲಿ. ಬಫಲೋದಲ್ಲಿ ಅದು ಹೊರಗಿನಿಂದಲೇ ಕಾಣುತ್ತದೆ. ಗೋಪುರಗಳ ಅಕ್ಕಪಕ್ಕ ಕಲ್ಲು, ತುದಿಯ ವಾರ್ಡುಗಳಿಗೆ ಬಂದಾಗ ಇಟ್ಟಿಗೆ. ಖರ್ಚು ಉಳಿಸಿದ್ದು ಅಲ್ಲಿ. ವಾರ್ಡುಗಳನ್ನು ಜೋಡಿಸುವ ಬಾಗಿದ ಕಾರಿಡಾರ್‌ಗಳು ಬೆಂಕಿ ಹರಡದಂತೆ ತಡೆಯಲೂ ಬೇಕಾಗಿದ್ದವು ನಿಜ. ಆದರೆ ಬಾಗಿದ ಕಾರಿಡಾರ್‌ನಲ್ಲಿ ಆಚೆಯ ತುದಿ ಕಾಣುವುದಿಲ್ಲ. ಅತಿ ಹೆಚ್ಚು ಆರೈಕೆ ಬೇಕಾದವರು ಮೇಲ್ವಿಚಾರಕರ ಕಣ್ಣಿಗೆ ಅತಿ ದೂರದಲ್ಲಿದ್ದರು. ವಾರ್ಡಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳು, ಹೊಡೆತ ಬೀಳುವುದು ಯಾರೂ ಬಾರದ ಮೂಲೆಯಲ್ಲಿ.

ಬಾಸ್ಟನ್ ಕನ್ನಡಿಗ

ನಮ್ಮ ಕಡೆ ಡ್ಯಾನ್ವರ್ಸ್‌ನಲ್ಲಿ 1878ರಲ್ಲಿ ತೆರೆದ ಇದೇ ಮಾದರಿಯ ಆಸ್ಪತ್ರೆಯಿತ್ತು. 1992ರಲ್ಲಿ ಮುಚ್ಚಿತು. 2006ರಲ್ಲಿ ಬಹುಪಾಲು ಕೆಡವಿ, ನಡುವಿನ ಭಾಗದ ಹೊರಗೋಡೆಗಳನ್ನಷ್ಟೇ ಉಳಿಸಿಕೊಂಡು ಅಪಾರ್ಟ್‌ಮೆಂಟ್ ಕಟ್ಟಿದರು. ಬಾಡಿಗೆ ಮನೆ ಹುಡುಕುತ್ತ ಹೋಗಿದ್ದೆವು. ನನ್ನಾಕೆಗೆ ಅಡುಗೆಮನೆ ಹಿಡಿಸಿತ್ತು. ಹತ್ತಿರದಲ್ಲೇ ರೋಗಿಗಳ ಸ್ಮಶಾನವಿದೆ. ಗುರುತಿನ ಕಲ್ಲುಗಳ ಮೇಲೆ ಬಹುಕಾಲ ಬರೀ ಅಂಕಿಗಳಿದ್ದವು. ಅಲ್ಲಿ ಮಲಗಿದವರ ಹೆಸರುಗಳನ್ನು ಹುಡುಕಿ ಹಾಕಿಸಲು ದುಡಿದವರಲ್ಲಿ ಹಿಂದೆ ಸ್ವತಃ ರೋಗಿಗಳಾಗಿದ್ದವರೂ ಇದ್ದರು. ಗೋಡೆ ಉಳಿಸುವುದಕ್ಕಿಂತ ಆ ಹೆಸರುಗಳೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಆಪ್ತಸಮಾಲೋಚಕ, ಬೆಂಗಳೂರು

ಒಂದು ಮಾತು ಸೇರಿಸುತ್ತೇನೆ. ರೋಗಿಯನ್ನು ಮನೆಯಿಂದ ದೂರ ಮಾಡಿದರೇ ಗುಣ ಎಂಬುದು ಕರ್ಕ್‌ಬ್ರೈಡ್ ಅವರ ನಂಬಿಕೆ, ಆ ನಕ್ಷೆ ನಿಂತಿರುವುದೇ ಅದರ ಮೇಲೆ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡರು. ನಮ್ಮ ನಿಮ್ಹಾನ್ಸ್‌ನಲ್ಲಿಯೂ ಮನೆಯವರು ಜೊತೆಗಿರುವ ವಾರ್ಡುಗಳಿವೆ. ಅಧ್ಯಯನದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜೊತೆಗೆ ಬಂದವರು ಎಲ್ಲಿ ಮಲಗಬೇಕು, ಎಲ್ಲಿ ಊಟ ಮಾಡಬೇಕು ಎಂಬುದೂ ವಾಸ್ತುಶಿಲ್ಪಿಯ ಪ್ರಶ್ನೆಯೇ.

ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾ, ಕಲ್ಲು ಮುಗಿದು ಇಟ್ಟಿಗೆ ಶುರುವಾಗುವುದನ್ನು ನಾನು ಗಮನಿಸಿರಲೇ ಇಲ್ಲ. ಫೋಟೊಗಳೆಲ್ಲ ಗೋಪುರಗಳದ್ದೇ. ಹೋಟೆಲ್ ಆದದ್ದು ಸರಿಯೆನ್ನುತ್ತೀರಾ?

ನಿವೃತ್ತ ನರ್ಸ್, ರಾಚೆಸ್ಟರ್

ಸರಿಯೆಂದೇ ಹೇಳುತ್ತೇನೆ. 1974ರಲ್ಲಿ ರೋಗಿಗಳು ಹೋದ ಮೇಲೆ ದಶಕಗಟ್ಟಲೆ ಮಳೆ, ಹಿಮಕ್ಕೆ ಸಿಕ್ಕ ಕಟ್ಟಡ ಅದು. ಯಾರಾದರೂ ಒಳಗೆ ಬದುಕಿದರೆ ಮಾತ್ರ ಚಾವಣಿ ಉಳಿಯುತ್ತದೆ. 2017ರಲ್ಲಿ ಬಂದ ಮೊದಲ ಹೋಟೆಲ್ 2021ರಲ್ಲಿ ಮುಚ್ಚಿತು, 2023ರಲ್ಲಿ ಇನ್ನೊಂದು ತೆರೆಯಿತು. ರೋಗಿಗಳ ಚಿಕ್ಕ ಕೋಣೆಗಳನ್ನು ಒಂದಕ್ಕೊಂದು ಸೇರಿಸಿ ಅತಿಥಿಗಳ ಕೋಣೆ ಮಾಡಿದ್ದಾರೆ. ನಿನ್ನ ನಕ್ಷೆಯಲ್ಲಿ ಆ ಹಳೆಯ ಅಳತೆಯನ್ನೂ ತೋರಿಸು. ಒಬ್ಬ ಮನುಷ್ಯ ವರ್ಷಗಟ್ಟಲೆ ಎಷ್ಟು ಜಾಗದಲ್ಲಿದ್ದನೆಂದು ಓದುಗರಿಗೆ ತಿಳಿಯಬೇಕು.

ಇನ್ನೊಮ್ಮೆ ಹೋದಾಗ ಮುಂಭಾಗದ ಹುಲ್ಲುಹಾಸಿನಲ್ಲೇ ನಿಲ್ಲದೆ ಪಶ್ಚಿಮಕ್ಕೆ, ರೀಸ್ ಸ್ಟ್ರೀಟ್ ಕಡೆಗೆ ನಡೆ. ಇಟ್ಟಿಗೆಯ ವಾರ್ಡುಗಳು ಅಲ್ಲಿ ಸಿಗುತ್ತವೆ. ಪೂರ್ವದ ತುದಿಯ ಮೂರು ವಾರ್ಡುಗಳನ್ನು 1960ರ ದಶಕದ ಕೊನೆಗೆ ಹೊಸ ಕಟ್ಟಡಕ್ಕಾಗಿ ಕೆಡವಿದರು. ಅವನ್ನು ಚುಕ್ಕಿಗೆರೆಯಲ್ಲಾದರೂ ಬಿಡಿಸು. ಭಾವನನ್ನೂ ಕರೆದುಕೊಂಡು ಹೋಗು, ಅವರು ಕೇಳಿದ ಪ್ರಶ್ನೆ ಆ ತುದಿಗೇ ಸೇರಿದ್ದು.