ಅಪ್‌ಡೇಟ್: ಕಾರಿನ ಹಿಂದಿನ ಎಡ ಡೋರ್ ಲಾಕ್ ಕೊನೆಗೂ ಸರಿಹೋಯ್ತು

ಕಳೆದ ವಾರ ಕೇಳಿದ್ದೆನಲ್ಲ, ರಿಮೋಟ್ ಒತ್ತಿದರೆ ಮೂರು ಡೋರ್ ಲಾಕ್ ಆಗುತ್ತವೆ, ಹಿಂದಿನ ಎಡ ಡೋರ್ ಮಾತ್ರ ಟಕ್ ಟಕ್ ಅಂತ ಸುಮ್ನಾಗುತ್ತದೆ ಅಂತ. ಭಾನುವಾರ ಮನೆ ಮುಂದೆಯೇ ಬಿಚ್ಚಿ ಲಾಕ್ ಬದಲಾಯಿಸಿದೆ.

ಆಗ ಕೆಲವರು ಫ್ಯೂಸ್ ನೋಡಿ ಅಂದಿದ್ದರು, ಅದು ಸರಿಯಾಗೇ ಇತ್ತು. ಗ್ರೀಸ್ ಸ್ಪ್ರೇ ಎರಡೇ ದಿನ ನಡೆಯಿತು. "ಮೋಟರ್ ಲಾಕ್ ಒಳಗೇ ಇರುತ್ತೆ, ಪೂರ್ತಿ ಸೆಟ್ ಹಾಕಿ" ಅಂದವರ ಮಾತೇ ನಿಜವಾಯ್ತು.

ಡೋರ್ ಅಂಚಿನ ಮೂರು ಸ್ಕ್ರೂಗಳಿಗೆ ನಕ್ಷತ್ರದ ಆಕಾರದ ಬಿಟ್ ಬೇಕು. ಅಳತೆ ತಪ್ಪಿದರೆ ತಲೆ ಸವೆದುಹೋಗುತ್ತದೆ, ಒಂದನ್ನು ನಾನೇ ಅರ್ಧ ಕೆಡಿಸಿದೆ. ಡೋರ್ ಒಳಬದಿಯ ಪ್ಯಾನಲ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ, ಮಳೆನೀರು ಒಳಗೆ ಬರದಂತೆ ತಡೆಯೋದು ಅದೇ.

ಹೊಸದು ಕೂರಿಸಿದ ಮೇಲೆ ಒಳಗಿನ ಹ್ಯಾಂಡಲ್ ಎಳೆದರೆ ಡೋರ್ ತೆರೆಯಲೇ ಇಲ್ಲ! ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ನೋಡಿದರೆ ಚೈಲ್ಡ್ ಲಾಕ್ (ಮಕ್ಕಳು ಒಳಗಿನಿಂದ ಡೋರ್ ತೆರೆಯದಂತೆ ತಡೆಯೋದು) ಆನ್ ಆಗಿತ್ತು. ಹೆಂಡತಿ ಇನ್ನೂ ನಗ್ತಿದ್ದಾಳೆ.

ಇನ್ನೊಂದು ಮಾತು. ಡೋರ್ ಮುಚ್ಚುವ ಮೊದಲು ಸ್ಕ್ರೂಡ್ರೈವರ್‌ನಿಂದ ಲಾಕ್‌ನ ಕೊಕ್ಕೆ ಒತ್ತಿ ಮುಚ್ಚಿಸಿ, ಹೊರಗಿನ ಹ್ಯಾಂಡಲ್ ಎಳೆದು ಅದು ಬಿಡುತ್ತಾ ನೋಡಿ. ಬಿಡದಿದ್ದರೆ ಹ್ಯಾಂಡಲ್ ಮತ್ತು ಲಾಕ್ ಜೋಡಿಸುವ ರಾಡ್ ಸರಿಯಾಗಿ ಸಿಕ್ಕಿಲ್ಲ ಅಂತ. ಹಾಗೇ ಮುಚ್ಚಿಬಿಟ್ಟರೆ ಮತ್ತೆ ತೆಗೆಯೋದು ದೊಡ್ಡ ರಗಳೆ.